ಹಕ್ಕಿ ನೋಡಲು ಕೆಸರು ಬೇಕು ಸ್ವಾಮಿ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಪಕ್ಷಿತಜ್ಞನೇನೂ ಅಲ್ಲ. ವಾರವಿಡೀ ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಭಾನುವಾರ ಬೆಳಗ್ಗೆ ಕೊರಳಿಗೊಂದು ಹಳೇ ಬೈನಾಕ್ಯುಲರ್ ನೇತುಹಾಕಿಕೊಂಡು ಕೆರೆ ಏರಿ ಮೇಲೆ ನಿಲ್ಲುತ್ತೇನೆ. ಹದಿನೆಂಟು ವರ್ಷದಿಂದ ಇದೇ ಚಟ. ಮನೆಯಲ್ಲಿ ಬೈದು ಬೈದು ಸುಸ್ತಾಗಿ ಈಗ ಅವರೇ ಫ್ಲಾಸ್ಕಿಗೆ ಕಾಫಿ ತುಂಬಿ ಕೊಡುತ್ತಾರೆ.

ಈ ಪತ್ರಕ್ಕೆ ಕಾರಣ ಒಂದು ಗದ್ದೆಗೊರವ.

ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಕಂದು ಬೆನ್ನು, ಬಿಳಿ ಹೊಟ್ಟೆ. ಚಳಿಗಾಲಕ್ಕೆ ಉತ್ತರದಿಂದ ಬರುತ್ತದೆ. ನೀರಂಚಿನ ಕೆಸರಲ್ಲಿ ಹುಳ ಹೆಕ್ಕುತ್ತಾ ಓಡಾಡುವಾಗ ಹಿಂಭಾಗವನ್ನು ಕುಣಿಸುತ್ತಲೇ ಇರುತ್ತದೆ, ಒಳಗೆ ಸ್ಪ್ರಿಂಗ್ ಇಟ್ಟ ಗೊಂಬೆಯ ಹಾಗೆ. ನಮ್ಮೂರ ಕೆರೆಗೆ ಪ್ರತಿ ವರ್ಷ ತಪ್ಪದೆ ಬರುತ್ತಿತ್ತು. ಕಳೆದ ಬೇಸಿಗೆಯಲ್ಲಿ ಕೆರೆ "ಅಭಿವೃದ್ಧಿ" ಆಯಿತು. ಜೆಸಿಬಿ ಬಂತು. ಹೂಳು ತೆಗೆದರು, ಅದು ಸರಿ, ರೈತರು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆದುಕೊಂಡರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಇಳಿಜಾರಾಗಿದ್ದ ದಡವನ್ನೆಲ್ಲ ಕಡಿದು ಸುತ್ತಲೂ ಕಲ್ಲು ಕಟ್ಟಿದರು, ಜೊಂಡು ಕಿತ್ತರು, ನಡುವೆ ಇದ್ದ ನಾಲ್ಕು ಜಾಲಿ ಮರ ಉರುಳಿಸಿದರು, ಮೇಲೆ ಟೈಲ್ಸ್ ಹಾಕಿ ಗ್ರಿಲ್ಲು ನಿಲ್ಲಿಸಿ ದೀಪದ ಕಂಬ ನೆಟ್ಟರು. ಈಗ ಕೆರೆ ಜಾಮೂನು ಕರಿಯುವ ಬಾಣಲೆ ಥರ ಇದೆ. ನವೆಂಬರಿನಲ್ಲಿ ಗದ್ದೆಗೊರವ ಬಂತು. ಕಲ್ಲಿನ ಮೇಲೆ ಇಳಿಯಿತು. ಮೂರು ಹೆಜ್ಜೆ ಆ ಕಡೆ ಹೋಯಿತು, ನೀರಿನತ್ತ ನೋಡಿತು, ಎರಡು ಸಲ ಹಿಂಭಾಗ ಕುಣಿಸಿತು, ಮತ್ತೆ ಮೂರು ಹೆಜ್ಜೆ ಈ ಕಡೆ. ಕಾಲಿಡಲು ಅಂಗೈ ಅಗಲದ ಕೆಸರೂ ಇಲ್ಲ. ಮೂರು ಭಾನುವಾರ ಇದನ್ನೇ ನೋಡಿದೆ. ನಾಲ್ಕನೇ ಭಾನುವಾರ ಅದು ಇರಲಿಲ್ಲ.

ಮಾಡಿದವರು ಒಳ್ಳೇದಾಗಲಿ ಅಂತಲೇ ಮಾಡಿರಬಹುದು, ಅವರನ್ನು ಬೈಯಲು ಕೂತಿಲ್ಲ. ಹಕ್ಕಿಗೆ ಏನು ಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಹಾಗಾಗಿ ನಿಮಗಾದರೂ ಮೊದಲೇ ಹೇಳೋಣ ಅನ್ನಿಸಿತು. ಯಾಕೆಂದರೆ ಹಕ್ಕಿ ಪ್ರವಾಸೋದ್ಯಮ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ, ಮಾತಿನ ಹಿಂದೆ ಯೋಜನೆ ಬರುತ್ತದೆ, ಯೋಜನೆ ಹಿಂದೆ ಟೆಂಡರು ಬರುತ್ತದೆ, ಟೆಂಡರಿನ ಹಿಂದೆ ಕಾಂಕ್ರೀಟು ಬಂದೇ ಬರುತ್ತದೆ.

ಕರ್ನಾಟಕದಲ್ಲಿ ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು ಅಂತ ಯಾರನ್ನಾದರೂ ಕೇಳಿ. ರಂಗನತಿಟ್ಟು ಅನ್ನುತ್ತಾರೆ. ಇನ್ನೊಂದು ಹೇಳಿ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ರಂಗನತಿಟ್ಟು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತು ಕೇಳಿ ಮೈಸೂರು ಮಹಾರಾಜರು 1940ರಲ್ಲೇ ಅದನ್ನು ಪಕ್ಷಿಧಾಮ ಮಾಡಿದ್ದರು, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತರೆ ಬಣ್ಣದ ಕೊಕ್ಕರೆ ಮೊಬೈಲಿನಲ್ಲೂ ದೊಡ್ಡದಾಗಿ ಬರುತ್ತದೆ, ಬಂಡೆ ಮೇಲೆ ಮೊಸಳೆ ಬೇರೆ. ಆದರೆ ಈ ರಾಜ್ಯದಲ್ಲಿ 500ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ಎಲ್ಲವೂ ದೋಣಿ ಪಕ್ಕ ಬಂದು ಕೂರಲ್ಲ. ಒಂದಕ್ಕೆ ಕೆಸರು ಬೇಕು, ಒಂದಕ್ಕೆ ಮುಳ್ಳು, ಇನ್ನೊಂದಕ್ಕೆ ಬರೀ ಬಂಡೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಮನೆ ಹಿತ್ತಿಲ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಮರದ ಕೆಳಗೆ ಗುಂಡಿ ತೋಡಿ ಹಿಕ್ಕೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಹಕ್ಕಿ ಬಂದರೆ ಹೆರಿಗೆಗೆ ತವರಿಗೆ ಬಂದ ಮಗಳ ಥರ ಅನ್ನುವುದು ಆ ಊರಿನ ಮಾತು. ವಾಸನೆ ಇದೆ, ಬಟ್ಟೆ ಒಣ ಹಾಕಿದರೆ ಗಲೀಜಾಗುತ್ತದೆ, ಮರಿಗಳ ಗಲಾಟೆ ಹೇಳತೀರದು. ಆದರೂ ಸಹಿಸಿಕೊಂಡಿದ್ದಾರೆ. ಆ ಹುಣಸೆ ಮರದಲ್ಲಿ ಹಣ್ಣು ಕೀಳದೆ ಬಿಟ್ಟವನಿಗೆ ನಷ್ಟ ಆಗುತ್ತದಲ್ವಾ? ನಿಮ್ಮ ಯೋಜನೆಯಲ್ಲಿ ಅವನ ಹೆಸರು ಮೊದಲ ಸಾಲಿನಲ್ಲಿರಲಿ, ಕಾಟೇಜು ಆಮೇಲೆ ನೋಡೋಣ.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ. ಅಲ್ಲಿ ನನ್ನ ಲೆಕ್ಕಪತ್ರದ ಬುದ್ಧಿಯೂ ಕೆಲಸ ಮಾಡಲ್ಲ, ಎಣಿಸಲು ಆಗಲ್ಲ. ಹಿಮಾಲಯದ ಮೇಲಿಂದ ಹಾರಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿ ಮಲಗಿ, ಸಂಜೆಯ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಬೆಳಗಿನ ಜಾವ ಚಳಿಯಲ್ಲಿ ಶಾಲು ಹೊದ್ದು ದಡದಲ್ಲಿ ಕೂತಿರಿ. ಮೊದಲು ಸದ್ದು ಬರುತ್ತದೆ, ದೂರದಲ್ಲಿ ಜಾತ್ರೆಯ ಪೀಪಿ ಊದಿದ ಹಾಗೆ. ಆಮೇಲೆ ಆಕಾಶದಲ್ಲಿ ಸಾಲು ಕಾಣುತ್ತದೆ, ಒಂದು, ಎರಡು, ಹತ್ತು. ಅವು ನೀರಿಗಿಳಿಯುವಾಗ ಕಾಲು ಮುಂದೆ ಚಾಚಿ ಬ್ರೇಕ್ ಹಾಕುವುದನ್ನು ನೋಡಿದರೆ ನಗು ಬರುತ್ತದೆ. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಇನ್ನೊಂದು ಥರ. ಕೆರೆಯ ನೀರಲ್ಲೇ ನಿಂತಿರುವ ಜಾಲಿ ಮರಗಳ ತುಂಬ ಗೂಡು. ನಮ್ಮೂರ ಕೆರೆಯಲ್ಲಿ ಕಿತ್ತು ಬಿಸಾಕಿದ್ದೂ ಅದೇ ಜಾಲಿ. ಇವೆರಡೂ, ಜೊತೆಗೆ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದವು. ಬೋರ್ಡು ಹಾಕಿ, ಬೇಡ ಅನ್ನಲ್ಲ. ದಡಕ್ಕೆ ಮಾತ್ರ ಕೈ ಹಾಕಬೇಡಿ.

ಅಘನಾಶಿನಿಗೆ ಗಡಿಯಾರ ನೋಡಿ ಹೋದರೆ ಪ್ರಯೋಜನವಿಲ್ಲ, ಸಮುದ್ರ ನೋಡಿ ಹೋಗಬೇಕು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಕೆಸರು ಬಯಲಾಗುತ್ತದೆ. ಆ ಕೆಸರಲ್ಲಿ ಒಂದು ಕಡೆ ಹೆಂಗಸರು ಸೊಂಟ ಬಗ್ಗಿಸಿ ಬಳಚು ಅನ್ನುವ ಚಿಪ್ಪುಜೀವಿ ಆರಿಸುತ್ತಿರುತ್ತಾರೆ, ಇನ್ನೊಂದು ಕಡೆ ಉದ್ದ ಕೊಕ್ಕಿನ ಹಕ್ಕಿಗಳು ತಮ್ಮ ಪಾಲು ಆರಿಸುತ್ತಿರುತ್ತವೆ. ಇಬ್ಬರಿಗೂ ಜಗಳವಿಲ್ಲ. ತಲೆ ಮೇಲೆ ಗರುಡ, ಅದೃಷ್ಟ ಇದ್ದರೆ ಬಿಳಿ ಹೊಟ್ಟೆಯ ದೊಡ್ಡ ಕಡಲ ಹದ್ದು. ಉಬ್ಬರ ಬಂತೋ, ಎಲ್ಲ ಖಾಲಿ. ದೂರದಿಂದ ಬಂದವರು ಉಬ್ಬರದಲ್ಲಿ ಹೋಗಿ ಏನೂ ಇಲ್ಲ ಅಂತ ವಾಪಸ್ ಬರುತ್ತಾರೆ. ಅಲ್ಲಿ ಒಂದು ಕರಿಹಲಗೆಯ ಮೇಲೆ ಆ ದಿನದ ಇಳಿತದ ಹೊತ್ತು ಬರೆದಿಟ್ಟರೆ ಸಾಕು. ಖರ್ಚು ಒಂದು ಸೀಮೆಸುಣ್ಣ.

ಮಲೆನಾಡಿನ ಕಾಡಿನ ವಿಷಯ ನಿಮಗೆ ಈಗಾಗಲೇ ತುಂಬ ಜನ ಹೇಳಿರುತ್ತಾರೆ, ನಾನು ಚುಟುಕಾಗಿ ಹೇಳುತ್ತೇನೆ. ದಾಂಡೇಲಿ, ಗಣೇಶಗುಡಿ ಕಡೆ ನಾಲ್ಕು ಬಗೆಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿವೆ. 2011ರಲ್ಲಿ ಅವುಗಳಿಗಾಗಿಯೇ ಒಂದು ಸಂರಕ್ಷಣಾ ಮೀಸಲು ಪ್ರದೇಶ ಮಾಡಿದರು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟುಕೊಂಡು. ಆ ಸೀಳಿನಿಂದ ಗಂಡು ಹಣ್ಣು ತಂದು ಕೊಡಬೇಕು, ವಾರಗಟ್ಟಲೆ. ಗೂಡಿನ ಕೆಳಗೆ ಹತ್ತು ಕ್ಯಾಮೆರಾ ನಿಂತರೆ ಗಂಡು ಹತ್ತಿರ ಬರಲು ಹೆದರುತ್ತದೆ, ಒಳಗಿರುವ ತಾಯಿ ಮರಿ ಉಪವಾಸ. ಗೂಡಿನ ಫೋಟೋ ಬೇಡ ಅಂತ ಒಂದು ಸುತ್ತೋಲೆ ಹೊರಡಿಸಲು ನಿಮಗೆ ಎಷ್ಟು ಹೊತ್ತು ಬೇಕು?

ಮಳೆಗಾಲದಲ್ಲಿ ಹಕ್ಕಿ ಇಲ್ಲ ಅನ್ನುವವರನ್ನು ಶಿವಮೊಗ್ಗ ಜಿಲ್ಲೆಗೆ ಕಳಿಸಿ. ತುಂಗೆಯ ನಡುಗಡ್ಡೆಯಲ್ಲಿರುವ ಮಂಡಗದ್ದೆ, ಸೊರಬದ ಹತ್ತಿರದ ಗುಡವಿ, ಎರಡೂ ತುಂಬುವುದು ಮಳೆಗಾಲದಲ್ಲೇ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳನ್ನು ರಸ್ತೆ ಬದಿಯಲ್ಲೇ ನಿಂತು ನೋಡಬಹುದು, ಕೊಡೆ ಇದ್ದರಾಯಿತು. ಬೇಸಿಗೆಗೆ ಭದ್ರಾ ಜಲಾಶಯ. ನೀರು ಇಳಿದಾಗ ತಲೆ ಎತ್ತುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದಲ್ಲಿ ಮೊಟ್ಟೆ ಇಡುತ್ತವೆ. ದೋಣಿ ಆ ನೆಲಕ್ಕೆ ತಾಗಬಾರದು, ಅಷ್ಟು ಮಾಡಿದರೆ ಸಾಕು.

ಈಗ ನನ್ನ ನಿಜವಾದ ಸಂಕಟದ ವಿಷಯಕ್ಕೆ ಬರುತ್ತೇನೆ. ಬಯಲುಸೀಮೆ.

ನಮ್ಮ ಹುಲ್ಲುಗಾವಲು, ಕುರುಚಲು ಕಾಡು, ಕಲ್ಲುಗುಡ್ಡ, ಇವಕ್ಕೆಲ್ಲ ಸರ್ಕಾರಿ ಕಾಗದದಲ್ಲಿ ಒಂದೇ ಹೆಸರು, ಪಾಳುಭೂಮಿ. ಆ ಪದ ಓದಿದರೆ ನನಗೆ ಮೈ ಉರಿಯುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, ಜಯಮಂಗಲಿ ಕೃಷ್ಣಮೃಗ ಮೀಸಲು ಅಂತ ಕರೆಯುತ್ತಾರೆ, 798 ಎಕರೆ ಇದೆ. ಮಧ್ಯಾಹ್ನ ಹೋಗಿ ನಿಂತರೆ ಒಣ ಹುಲ್ಲು, ಬಿಸಿಲು, ಏನೂ ಇಲ್ಲ. ಚಳಿಗಾಲದ ಸಂಜೆ ಐದಕ್ಕೆ ಹೋಗಿ. ಮಧ್ಯ ಏಷ್ಯಾ ಕಡೆಯಿಂದ ಬರುವ ಸೆಳೆವಗಳು ಹುಲ್ಲಿನ ತುದಿಗೆ ಹೊಟ್ಟೆ ತಾಗುವಷ್ಟು ಕೆಳಗೆ, ರೆಕ್ಕೆ ಬಡಿಯದೆ ತೇಲಿಕೊಂಡು ಬರುತ್ತವೆ. ಹದ್ದಿನ ಜಾತಿಯವಾದರೂ ಮರ ಬೇಡ, ರಾತ್ರಿ ನೆಲದ ಮೇಲೇ ಹುಲ್ಲಿನ ಮಧ್ಯೆ ಮಲಗುತ್ತವೆ. ಆ ನೆಲದಲ್ಲಿ ಸಸಿ ನೆಟ್ಟು "ಹಸಿರೀಕರಣ" ಮಾಡಿದರೆ ಸೆಳೆವಕ್ಕೆ ಮನೆ ಹೋಯಿತು ಅಂತಲೇ ಅರ್ಥ.

ಇದು ಸುಮ್ನೆ ಹೆದರಿಸುವ ಮಾತಲ್ಲ, ರಾಣೆಬೆನ್ನೂರಿನಲ್ಲಿ ಆಗಿ ಹೋಗಿದೆ. 1974ರಲ್ಲಿ ಅಲ್ಲಿ ಅಭಯಾರಣ್ಯ ಮಾಡಿದ್ದು ಕೃಷ್ಣಮೃಗಕ್ಕೆ ಮತ್ತು ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ. ನಮ್ಮ ಕಡೆಯ ಹಿರಿಯರು ಅದನ್ನು ಎರೆಭೂತ ಅನ್ನುತ್ತಿದ್ದರು. ಮೊಳಕಾಲೆತ್ತರದ ಹುಲ್ಲಿನಲ್ಲಿ ನಾಲ್ಕೂ ದಿಕ್ಕು ಕಾಣುವ ಹಾಗೆ ನಡೆಯುವ ಹಕ್ಕಿ ಅದು. ಅಂಥ ಬಯಲಿನ ತುಂಬ ನೀಲಗಿರಿ ನೆಟ್ಟರು. ಬೇಟೆಯೂ ಇತ್ತು, ಇಲ್ಲ ಅನ್ನಲ್ಲ. ಕೃಷ್ಣಮೃಗ ಇನ್ನೂ ಇದೆ. ಬಸ್ಟರ್ಡ್ ನೋಡಬೇಕು ಅಂದರೆ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಹೋಗಬೇಕು, ಅಲ್ಲೂ ಬೆರಳೆಣಿಕೆಯಷ್ಟು ಉಳಿದಿವೆ. ದಯವಿಟ್ಟು ಅಲ್ಲಿಗೆ ಪ್ರವಾಸಿಗರನ್ನು ಕಳಿಸಬೇಡಿ. ಎಲ್ಲ ಜಾಗವನ್ನೂ ತೋರಿಸಲೇಬೇಕು ಅಂತೇನಿಲ್ಲ.

ಹಂಪಿಗೆ ನೀವು ಹೇಗೂ ಉತ್ಸವಕ್ಕೆ ಹೋಗುತ್ತೀರಿ. ಒಂದು ದಿನ ಜಾಸ್ತಿ ಇದ್ದು ಪಕ್ಕದ ದರೋಜಿ ನೋಡಿ. ಕರಡಿಧಾಮ ಅಂತ ಹೆಸರು, ಆದರೆ ಹಕ್ಕಿಯವರಿಗೂ ಅದು ತೀರ್ಥಕ್ಷೇತ್ರ. ಆ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್) ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬೆಂಗಳೂರಿನವರು ನಂದಿಬೆಟ್ಟದಲ್ಲೂ ನೋಡಬಹುದು, ಎಲ್ಲರೂ ಮೋಡದ ಜೊತೆ ಸೆಲ್ಫಿ ತೆಗೆಯುವಾಗ ಪಕ್ಕದ ಪೊದೆಯಲ್ಲೇ ಇರುತ್ತದೆ. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದು ಇವೆ, ಅದಕ್ಕಾಗಿ 2012ರಲ್ಲಿ ರಣಹದ್ದು ಧಾಮ ಮಾಡಿದರು. ದನಕ್ಕೆ ಕೊಡುವ ಡೈಕ್ಲೋಫೆನಾಕ್ ಔಷಧಿಯಿಂದ ದೇಶದ ರಣಹದ್ದುಗಳಲ್ಲಿ ಬಹುಪಾಲು ಸತ್ತು 2006ರಲ್ಲಿ ಅದನ್ನು ನಿಷೇಧಿಸಿದ ಮೇಲೂ ಅವು ಚೇತರಿಸಿಕೊಳ್ಳಲು ಒದ್ದಾಡುತ್ತಿವೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ, ಪಾಪ, ಎಷ್ಟು ಅಂತ ಚೇತರಿಸಿಕೊಳ್ಳುತ್ತದೆ.

ಹಾಗಾದರೆ ದುಡ್ಡು ಯಾವುದಕ್ಕೆ ಖರ್ಚು ಮಾಡಬೇಕು ಅಂತ ನಿಮ್ಮ ಅಧಿಕಾರಿಗಳು ಕೇಳಿಯೇ ಕೇಳುತ್ತಾರೆ. ಬೆಳಗ್ಗೆ ಐದೂವರೆಗೆ ಒಂದು ಸರ್ಕಾರಿ ಬಸ್ಸು ಬಿಡಿಸಿ, ಹಕ್ಕಿ ಹತ್ತು ಗಂಟೆಗೆ ಕಚೇರಿಗೆ ಬರಲ್ಲ. ಕೆರೆಯಿಂದ ನೂರು ಹೆಜ್ಜೆ ದೂರದಲ್ಲಿ ಒಂದು ಶೌಚಾಲಯ, ನೀರು ಬರುವಂಥದ್ದು. ಹೆಣ್ಣುಮಕ್ಕಳು ಹಕ್ಕಿ ನೋಡಲು ಬರದಿರಲು ಮುಕ್ಕಾಲು ಪಾಲು ಕಾರಣ ಅದೇ. ಊರಿನ ನಾಲ್ಕು ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಬೈನಾಕ್ಯುಲರ್ ಕೊಟ್ಟು, ಗೈಡ್ ಅಂತ ಸಂಬಳ ಕೊಡಿ. ಕುರಿ ಕಾಯುವ ಹುಡುಗನಿಗೆ ಸೆಳೆವ ಎಲ್ಲಿ ಮಲಗುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಹೆಸರು ಗೊತ್ತಿಲ್ಲ ಅಷ್ಟೇ. ಮತ್ತೆ ಕೆರೆ ಕೆಲಸದ ಅಂದಾಜು ಪಟ್ಟಿ ಮಂಜೂರಿಗೆ ಬಂದಾಗ ಒಂದು ಸಾಲು ಸೇರಿಸಿ: ಒಂದು ಬದಿಯ ದಡ ಇಳಿಜಾರಾಗಿ, ಕಲ್ಲಿಲ್ಲದೆ, ಇದ್ದ ಹಾಗೇ ಇರಲಿ. ಹೂಳು ತೆಗೆಯಲಿ, ವಾಕಿಂಗ್ ಪಾತ್ ಇನ್ನೊಂದು ಬದಿಗೆ ಹಾಕಲಿ. ನಮ್ಮೂರಿನ ವಾಕಿಂಗ್ ಗೆಳೆಯರ ಮೇಲೆ ನನಗೇನು ಸಿಟ್ಟಿಲ್ಲ, ಸಕ್ಕರೆ ಕಾಯಿಲೆ ನನಗೂ ಇದೆ.

ನಮ್ಮ ಕೆರೆಯ ಕಲ್ಲನ್ನು ಪೂರ್ತಿ ಕೀಳಿಸಿ ಅಂತ ಕೇಳುವುದಿಲ್ಲ, ಅದಕ್ಕೆ ಮತ್ತೊಂದು ಟೆಂಡರ್ ಆದೀತು. ಪಶ್ಚಿಮದ ಮೂಲೆಯಲ್ಲಿ ಐವತ್ತು ಅಡಿ ತೆಗೆಸಿ, ಹತ್ತು ಲೋಡ್ ಮಣ್ಣು ಹಾಕಿಸಿ ಸಾಕು. ಈ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ಇರುತ್ತದೆ, ನೀವೂ ಬನ್ನಿ. ಬೆಳಗ್ಗೆ ಆರಕ್ಕೆ ಏರಿ ಮೇಲೆ ಇರುತ್ತೇನೆ, ಫ್ಲಾಸ್ಕಿನಲ್ಲಿ ಇಬ್ಬರಿಗಾಗುವಷ್ಟು ಕಾಫಿ ಇರುತ್ತದೆ. ಬೆಂಗಾವಲು ಕಾರುಗಳನ್ನು ಊರಾಚೆಯೇ ನಿಲ್ಲಿಸಿ. ಇನ್ನೊಂದು ವಿಷಯ, ಹೇಳಲು ಸಂಕೋಚ, ಆದರೂ ಹೇಳಲೇಬೇಕು: ಆ ಒಂದು ದಿನ ಬಿಳಿ ಅಂಗಿ ಬೇಡ. ಹಕ್ಕಿಗೆ ಅರ್ಧ ಮೈಲಿ ದೂರದಿಂದಲೇ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕೆರೆ ಏರಿ ಮೇಲಿನ ಒಬ್ಬ ಹಕ್ಕಿ ಹುಚ್ಚ