ಹೆಸರು ಹೇಳದೆ ಹೋದ ಅಣ್ಣನಿಗೆ

ತೀರ್ಥಹಳ್ಳಿ ಕಡೆಯ ನಮ್ಮ ಪುಟ್ಟ ಲೂಥರನ್ ಕ್ರೈಸ್ತ ಸಭೆಯ ಪರವಾಗಿ ಬರೆಯುತ್ತಿದ್ದೇನೆ. ಆಷಾಢದ ಮಳೆಯಲ್ಲಿ ಸಭೆಯ ಹಿರಿಯಜ್ಜಿ ತೀರಿಕೊಂಡಾಗ ನೆರವಿಗೆ ಬಂದ ಅಣ್ಣ, ನಿಮಗೆ ನಮ್ಮೆಲ್ಲರ ವಂದನೆ.

ಮಲೆನಾಡಿನ ಮಳೆಗಾಲದಲ್ಲಿ ಸಮಾಧಿ ಗುಂಡಿ ತೋಡುವ ಕಷ್ಟ ಇಲ್ಲಿಯವರಿಗೆ ಗೊತ್ತು. ಸ್ವಲ್ಪ ಇಳಿಯುವಷ್ಟರಲ್ಲೇ ಒರತೆ ಏಳುತ್ತದೆ, ಬದಿಯ ಮಣ್ಣು ಕುಸಿಯುತ್ತದೆ. ನಮ್ಮ ಹುಡುಗರು ಬಕೆಟಿನಲ್ಲಿ ನೀರು ಎತ್ತಿ ಎತ್ತಿ ಸೋತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದ ನೀವು ಪಿಕಪ್ ನಿಲ್ಲಿಸಿ ತೋಟದ ಡೀಸೆಲ್ ಪಂಪ್ ಇಳಿಸಿದಿರಿ. ಗಾಡಿಯಲ್ಲಿದ್ದ ಅಡಿಕೆ ದಬ್ಬೆಗಳನ್ನು (ಸೀಳಿದ ಅಡಿಕೆ ಮರದ ಪಟ್ಟಿಗಳನ್ನು) ಬದಿಗೆ ಕೊಟ್ಟು ಮಣ್ಣು ನಿಲ್ಲಿಸಿದಿರಿ, ಮೇಲೆ ಟಾರ್ಪಾಲು ಕಟ್ಟಿಸಿದಿರಿ. ಸಭಾಪಾಲಕರ ಪ್ರಾರ್ಥನೆ ಮುಗಿಯುವವರೆಗೂ ಮಳೆಯಲ್ಲೇ ತಲೆಬಾಗಿ ನಿಂತಿದ್ದಿರಿ. ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅಜ್ಜಿಯ ಮಗಳು ಮಾತಾಡಿಸಲು ಬರುವಷ್ಟರಲ್ಲಿ ಹೊರಟುಬಿಟ್ಟಿದ್ದಿರಿ.

ನಮ್ಮ ಸಭೆಗೆ ಹೆಸರು ಕೊಟ್ಟ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ನಮ್ಮ ಮಕ್ಕಳು ಕಲಿಯುತ್ತಾರೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೇಳುತ್ತೇವಲ್ಲ, ಅದರೊಳಗೆ ಬಟ್ಟೆ, ಮನೆ, ಹೊಲಗಳ ಜೊತೆ ನಂಬಿಗಸ್ತ ನೆರೆಹೊರೆಯವರನ್ನೂ ಲೂಥರ್ ಸೇರಿಸುತ್ತಾರೆ. ಅಂದು ದೇವರು ನಮಗೆ ನಿಮ್ಮನ್ನು ಕೊಟ್ಟ. ನೀವು ಯಾವ ದೇವರಿಗೆ ಕೈ ಮುಗಿಯುತ್ತೀರೋ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ನಿಮ್ಮ ಟಾರ್ಪಾಲು, ದಬ್ಬೆ ಎಲ್ಲ ಜೋಪಾನವಾಗಿವೆ. ಕೊಯ್ಲು ಮುಗಿದ ಮೇಲೆ ನಮ್ಮ ಸುಗ್ಗಿ ಹಬ್ಬ. ಭತ್ತ, ಬಾಳೆಗೊನೆ, ಕಾಳುಮೆಣಸು, ಬೆಳೆದದ್ದನ್ನೆಲ್ಲ ದೇವರ ಮುಂದಿಟ್ಟು ಆರಾಧನೆ ಮಾಡುತ್ತೇವೆ, ಆಮೇಲೆ ಹರಾಜು, ಎಲ್ಲರಿಗೂ ಊಟ. ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ ಅಣ್ಣ. ಬರಲಾಗದಿದ್ದರೆ ಸಭೆಯ ಯಾರ ಬಳಿಯಾದರೂ ಹೇಳಿ ಕಳಿಸಿ, ಅಜ್ಜಿಯ ಮಗಳೇ ನಿಮ್ಮ ಮನೆಗೆ ಬರುತ್ತಾರೆ.