ಸಮುದಾಯ ಭವನಕ್ಕೆ ಹಣ ಇಡುವಾಗ ಕೀಲಿಕೈಯ ವಿಚಾರವೂ ಆಗಲಿ

ಮಾನ್ಯ ಸಂಪಾದಕರಿಗೆ,

ಬೆಟಗೇರಿ ಭಾಗದಲ್ಲಿ ಹೊಸದೊಂದು ಸಮುದಾಯ ಭವನ ಕಟ್ಟಲು ಗದಗ-ಬೆಟಗೇರಿ ನಗರಸಭೆ ಅನುದಾನ ತೆಗೆದಿರಿಸಬೇಕೆಂದು ನಮ್ಮ ಓಣಿಯ ಹಿರಿಯರು ಮನವಿಯೊಂದನ್ನು ಸಿದ್ಧಪಡಿಸಿದ್ದಾರೆ. ಅದಕ್ಕೆ ನಾನೂ ಸಹಿ ಹಾಕಿದ್ದೇನೆ. ಸಹಿ ಹಾಕುವಾಗ, ಭವನ ಕಟ್ಟಿದ ಮೇಲೆ ಅದನ್ನು ನಡೆಸುವ ಖರ್ಚು ಯಾವ ಲೆಕ್ಕದಿಂದ ಬರಬೇಕು, ಕೀಲಿಕೈ ಯಾರ ಹತ್ತಿರ ಇರಬೇಕು ಎಂಬುದನ್ನೂ ಅದೇ ಠರಾವಿನಲ್ಲಿ ಬರೆಯಬೇಕೆಂಬ ಸಾಲನ್ನು ಸೇರಿಸಿರೆಂದು ಕೇಳಿಕೊಂಡೆ. ಕೆಲವರು ಒಪ್ಪಿದರು. ಉಳಿದವರು ‘ಮೊದಲು ಕಟ್ಟಡ ಬರಲಿ, ಆಮೇಲೆ ನೋಡಿದರಾಯಿತು’ ಎಂದರು. ಆಮೇಲೆ ನೋಡಿದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬೇಡಿಕೆ ನ್ಯಾಯವಾದುದೇ. ನೇಕಾರರ ಮನೆಗಳಲ್ಲಿ ಪಡಸಾಲೆಯನ್ನು ಮಗ್ಗವೇ ಹಿಡಿದುಕೊಂಡಿರುತ್ತದೆ. ಕುಬಸವಿರಲಿ, ತೊಟ್ಟಿಲ ಕಾರ್ಯವಿರಲಿ, ತೀರಿಕೊಂಡವರ ದಿನಕಾರ್ಯವಿರಲಿ, ಓಣಿಗೆ ಅಡ್ಡಲಾಗಿ ಪೆಂಡಾಲು ಹಾಕದೆ ಬೇರೆ ಗತಿಯಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ದಿನಕಾರ್ಯದಂದು ಊಟದ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಪೆಂಡಾಲಿನ ಬಟ್ಟೆ ನೀರು ತುಂಬಿ ಜೋತುಬೀಳತೊಡಗಿದಾಗ ಹುಡುಗನೊಬ್ಬ ಬಿದಿರಿನ ಗಳವೊಂದರಿಂದ ಅದನ್ನು ಎತ್ತಿ ಹಿಡಿದು, ಮೂರು ಪಂಕ್ತಿ ಮುಗಿಯುವ ತನಕ ಹಾಗೆಯೇ ನಿಂತಿದ್ದ. ಕಡೆಗೆ ಅವನಿಗೆ ಬಡಿಸಲು ಸಾರು ಮಾತ್ರ ಉಳಿದಿತ್ತು. ವಾರದ ಮಜೂರಿಯ ಮೇಲೆ ಮನೆ ನಡೆಸುವವರು ಕಲ್ಯಾಣ ಮಂಟಪದ ಬಾಡಿಗೆ ಕಟ್ಟಬೇಕೆಂದರೆ ಸಾಲವನ್ನೇ ಮಾಡಬೇಕಾಗುತ್ತದೆ. ನೂರೈವತ್ತು ಜನ ಕೂರುವ ಒಂದು ಸಭಾಂಗಣ, ಹಿಂಭಾಗದಲ್ಲಿ ಅಡುಗೆಗೆ ಜಾಗ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ಇಷ್ಟಾದರೆ ನಮಗೆ ಸಾಕು.

ನಾನು ಈ ಭಾಗದ ಸ್ಥಳೀಯ ಸಂಸ್ಥೆಯೊಂದರ ಲೆಕ್ಕ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿಯೂ ಒಂದು ಸಮುದಾಯ ಭವನ ಬಂತು. ಒಂದು ವರ್ಷದ ಅನುದಾನದಲ್ಲಿ ಬುನಾದಿ ಮತ್ತು ಪಿಲ್ಲರುಗಳಾದವು, ಮರುವರ್ಷ ಹಣ ಬಾರದೆ ಕಬ್ಬಿಣದ ಸರಳುಗಳು ಆಕಾಶಕ್ಕೆ ಮುಖ ಮಾಡಿ ತುಕ್ಕು ಹಿಡಿದವು, ಅದರಾಚೆ ವರ್ಷ ಸ್ಲ್ಯಾಬ್ ಬಿತ್ತು, ಇನ್ನೆರಡು ವರ್ಷಕ್ಕೆ ಬಾಗಿಲು, ಬಣ್ಣ, ನಾಮಫಲಕ. ಉದ್ಘಾಟನೆ ಜೋರಾಗಿಯೇ ನಡೆಯಿತು. ಆದರೆ ಕಾವಲುಗಾರನ ಸಂಬಳಕ್ಕೆ, ದೀಪಕ್ಕೆ, ನೀರಿಗೆ, ಕಸ ಗುಡಿಸುವವರಿಗೆ ಯಾವ ಶೀರ್ಷಿಕೆಯಲ್ಲಿಯೂ ಒಂದು ರೂಪಾಯಿ ಇಟ್ಟಿರಲಿಲ್ಲ. ಬಿಲ್ಲು ಬಾಕಿ ಬಿದ್ದು ಮೀಟರ್ ಹೋಯಿತು, ಮೀಟರ್ ಹೋದ ಮೇಲೆ ಮದುವೆಗೆ ಕೇಳುವವರೂ ಹೋದರು, ಕೊನೆಗೆ ಒಳಗೆ ಸಿಮೆಂಟಿನ ಚೀಲ ಮತ್ತು ಮುರಿದ ಕಸದ ಗಾಡಿಗಳು ಸೇರಿಕೊಂಡವು. ಬೀಗ ಬಿದ್ದ ಆ ಕಟ್ಟಡಕ್ಕೆ ನಾನು ವರ್ಷ ವರ್ಷವೂ ಸವಕಳಿ, ಎಂದರೆ ಹಳತಾದಂತೆ ಇಳಿಯುವ ಬೆಲೆಯ ಲೆಕ್ಕ ಬರೆದಿದ್ದೇನೆ. 2006ರ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ತಂದ ಮೇಲೆ, ಯಾರೂ ಕಾಲಿಡದ ಭವನವೂ ಪುಸ್ತಕದಲ್ಲಿ ಆಸ್ತಿಯೇ ಆಗಿರುತ್ತದೆ.

ಇದಕ್ಕೆ ಅಧಿಕಾರಿಗಳ ಉದಾಸೀನವೊಂದೇ ಕಾರಣವೆಂದು ಹೇಳಿದರೆ ಅರ್ಧ ಸತ್ಯವಾದೀತು. ಅನುದಾನಗಳ ಸ್ವರೂಪವೇ ಹಾಗಿದೆ. ಉದಾಹರಣೆಗೆ, 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದ ಅನುದಾನದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಮ್ಮಂಥ ನಗರಗಳಿಗೆ ಶೇ 60ರಷ್ಟು ಹಣ ಕುಡಿಯುವ ನೀರು ಮತ್ತು ನೈರ್ಮಲ್ಯದಂಥ ಕೆಲಸಗಳಿಗೇ ಕಟ್ಟುಬಿದ್ದಿತ್ತು. ಉಳಿದ ಶೇ 40ರಷ್ಟನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತಾದರೂ ಅದರಿಂದ ಸಂಬಳ ಮತ್ತು ಆಡಳಿತ ವೆಚ್ಚ ಭರಿಸುವಂತಿರಲಿಲ್ಲ. ಅಂದರೆ ಆ ದುಡ್ಡಿನಲ್ಲಿ ಗೋಡೆ ಏಳಿಸಬಹುದಿತ್ತೇ ಹೊರತು ಬಾಗಿಲು ತೆರೆಯುವವನಿಗೆ ಸಂಬಳ ಕೊಡುವಂತಿರಲಿಲ್ಲ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ಹಣ ಬಂದರೂ ಅದು ಕಾಮಗಾರಿಗೇ ಬರುತ್ತದೆ. ಹಾಗಾಗಿ ದಿನನಿತ್ಯದ ಖರ್ಚು ಯಾವಾಗಲೂ ನಗರಸಭೆಯ ಸ್ವಂತ ವರಮಾನದ ಮೇಲೆ, ಎಂದರೆ ನಾವು ಕಟ್ಟುವ ಆಸ್ತಿ ತೆರಿಗೆ ಮತ್ತು ಮಳಿಗೆಗಳ ಬಾಡಿಗೆಯ ಮೇಲೆ ಬೀಳುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಆಯವ್ಯಯದಲ್ಲಿ ಕಾಣಿಸದಿದ್ದರೆ ಆಮೇಲೆ ಎಲ್ಲಿಂದಲೂ ಹುಟ್ಟುವುದಿಲ್ಲ.

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಷರತ್ತಿದೆ. ಕಾಮಗಾರಿ ಮಂಜೂರಾಗುವ ಮೊದಲೇ, ಮುಂದೆ ಆ ಆಸ್ತಿಯನ್ನು ನಡೆಸಿಕೊಂಡು ಹೋಗುವ ಹೊಣೆ ಹೊರುತ್ತೇವೆಂಬ ಖಚಿತ ಒಪ್ಪಿಗೆಯನ್ನು ಬಳಕೆದಾರ ಸಂಸ್ಥೆಯಿಂದ ಪಡೆಯಬೇಕು ಎಂಬುದೇ ಆ ಷರತ್ತು. ಎಲ್ಲ ಕಡೆಯೂ ಅದು ಅಕ್ಷರಶಃ ಪಾಲನೆಯಾಗುತ್ತದೆಂದು ನಾನು ವಾದಿಸುವುದಿಲ್ಲ. ಆದರೂ ಹಣ ಯಾವ ಮೂಲದಿಂದ ಬಂದರೂ ಸರಿಯೇ, ಇದೇ ಷರತ್ತನ್ನು ನಗರಸಭೆ ತನಗೆ ತಾನೇ ವಿಧಿಸಿಕೊಳ್ಳಲು ಯಾವ ಕಾನೂನೂ ಅಡ್ಡಿಯಾಗಲಾರದು. ಕಟ್ಟಡದ ಅಂದಾಜು ಪತ್ರಿಕೆಯ ಜೊತೆಯಲ್ಲಿಯೇ ಒಂದು ಹಾಳೆ ನಿರ್ವಹಣೆಯ ಅಂದಾಜೂ ಸಾಮಾನ್ಯ ಸಭೆಯ ಮುಂದೆ ಬರಲಿ. ಸ್ಲ್ಯಾಬಿಗೊಂದು ವರ್ಷ, ಬಾಗಿಲಿಗೊಂದು ವರ್ಷ ಎಂದು ತುಂಡು ತುಂಡಾಗಿ ಕ್ರಿಯಾಯೋಜನೆಗೆ ಸೇರಿಸುವ ಬದಲು, ಪೂರ್ತಿ ಹಣದ ದಾರಿ ಕಂಡ ಮೇಲೆಯೇ ಗುದ್ದಲಿ ಪೂಜೆ ನಡೆಯಲಿ. ಒಂದು ವರ್ಷ ತಡವಾದರೂ ಚಿಂತೆಯಿಲ್ಲ.

ಇನ್ನು ಭವನವನ್ನು ನಡೆಸುವವರು ಯಾರು ಎಂಬ ಪ್ರಶ್ನೆ. ವರ್ಷಕ್ಕೊಮ್ಮೆ ಲೀಲಾವು ಕೂಗಿ ಗುತ್ತಿಗೆದಾರನಿಗೆ ಒಪ್ಪಿಸುವುದು ಸುಲಭದ ಹಾದಿ. ಆದರೆ ಅವನು ಕೂಗಿದ ಹಣವನ್ನು ಬಾಡಿಗೆಯಲ್ಲಿಯೇ ಎತ್ತಬೇಕಾಗುವುದರಿಂದ, ಒಂದೆರಡು ವರ್ಷದಲ್ಲಿ ನಮ್ಮ ಭವನವೂ ಮತ್ತೊಂದು ಕಲ್ಯಾಣ ಮಂಟಪವಾಗಿಬಿಡುತ್ತದೆ. ಯಾರಾದರೊಬ್ಬ ಮುಖಂಡರ ಕೈಗೆ ಕೀಲಿಕೈ ಕೊಟ್ಟರೆ ಅವರ ಮನೆಯವರ, ಅವರ ಪಕ್ಷದವರ, ಅವರ ಜಾತಿಯವರ ಕಾರ್ಯಕ್ರಮಗಳಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಇದರ ಬದಲು ನಗರಸಭೆಯ ಸಿಬ್ಬಂದಿಯೊಬ್ಬರು ಮತ್ತು ಸುತ್ತಲಿನ ಓಣಿಗಳ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಸೇರಿದ ಸಣ್ಣ ಸಮಿತಿಯೊಂದು ಇದನ್ನು ನೋಡಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಕಾಯ್ದಿರಿಸುವ ಪುಸ್ತಕ ಬಾಗಿಲ ಬಳಿಯೇ ಎಲ್ಲರಿಗೂ ಕಾಣುವಂತಿರಲಿ, ದರಪಟ್ಟಿ ಗೋಡೆಯ ಮೇಲಿರಲಿ, ದಿನಕಾರ್ಯಕ್ಕೆ ದೀಪ ಮತ್ತು ನೀರಿನ ಖರ್ಚನ್ನಷ್ಟೇ ತೆಗೆದುಕೊಳ್ಳಲಿ. ಇಂಥದ್ದು ನಮ್ಮ ಜನರಿಂದ ಆಗದ ಕೆಲಸವೆಂದು ಯಾರಾದರೂ ಹೇಳಿದರೆ, ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರಿ ಪತ್ತಿನ ಸಂಘ ಕಟ್ಟಿ ತಮ್ಮ ಲೆಕ್ಕವನ್ನು ತಾವೇ ಬರೆದುಕೊಂಡದ್ದನ್ನು ಅವರಿಗೆ ನೆನಪಿಸಬೇಕಾಗುತ್ತದೆ.

ಮತ್ತೊಂದು ಮಾತು. ನಗರಸಭೆಯ ನಿಧಿಯಲ್ಲಿ ಅಂಗವಿಕಲರ ಕಲ್ಯಾಣಕ್ಕೆಂದು ಶೇ 5ರಷ್ಟನ್ನು ಮೀಸಲಿಡಬೇಕೆಂಬ ನಿಯಮವಿದೆ. ಭವನದ ನಕ್ಷೆ ತಯಾರಾಗುವಾಗಲೇ ಇಳಿಜಾರು ದಾರಿ ಮತ್ತು ಗಾಲಿಕುರ್ಚಿ ಹಿಡಿಸುವ ಶೌಚಾಲಯಕ್ಕೆ ಅದರಿಂದ ಹಣ ಹೊಂದಿಸಬಹುದೇ ಎಂದು ಪೌರಾಯುಕ್ತರು ಪರಿಶೀಲಿಸಲಿ. ಕಟ್ಟಿದ ಮೇಲೆ ಮೆಟ್ಟಿಲು ಒಡೆಯುವುದು ಎರಡು ಖರ್ಚು. ಜಾಗ ಹುಡುಕುವಾಗ ಉದ್ಯಾನಕ್ಕೆಂದು ಬಿಟ್ಟ ಖಾಲಿ ನಿವೇಶನದ ಮೇಲೆ ಕಣ್ಣು ಹಾಕುವುದೂ ಬೇಡ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಅಧಿನಿಯಮವೇ ಇದ್ದು, ಅಂಥ ಜಾಗದಲ್ಲಿ ಕಟ್ಟಲು ಹೊರಟರೆ ಯಾರಾದರೂ ನ್ಯಾಯಾಲಯಕ್ಕೆ ಹೋಗಿ, ಕೆಲಸ ಪಿಲ್ಲರಿಗೇ ನಿಂತೀತು.

ನಮ್ಮ ಮನವಿ ಇನ್ನು ಕೆಲವೇ ದಿನಗಳಲ್ಲಿ ನಗರಸಭೆಗೆ ಸಲ್ಲಿಕೆಯಾಗಲಿದೆ. ಅದರಲ್ಲಿ ನಾನು ಕೇಳಿದ ಸಾಲು ಉಳಿಯುತ್ತದೋ ಇಲ್ಲವೋ ತಿಳಿಯದು. ಉಳಿಯದಿದ್ದರೂ, ಠರಾವು ಮಂಡಿಸುವ ಸದಸ್ಯರು ಆ ವಿಚಾರವನ್ನು ಸಭೆಯಲ್ಲಿ ತಾವೇ ಎತ್ತಬೇಕೆಂದು ಕೋರುತ್ತೇನೆ. ನಿರ್ವಹಣಾ ಸಮಿತಿ ರಚನೆಯಾದರೆ ಅದರ ಲೆಕ್ಕವನ್ನು ಸಂಬಳವಿಲ್ಲದೆ ಬರೆದುಕೊಡಲು ನಮ್ಮ ಓಣಿಯಲ್ಲಿ ಇಬ್ಬರು ಸಿದ್ಧರಿದ್ದೇವೆ.

ಇತಿ,
ನಿವೃತ್ತ ಲೆಕ್ಕಿಗ, ಬೆಟಗೇರಿ