ಕ್ನೀ ಎಂದು ಓದಿದ ಮಗಳಿಗೆ

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಅತ್ತದ್ದು ರಾತ್ರಿಯೆಲ್ಲ ಕಿವಿಯಲ್ಲೇ ಇತ್ತು. ಮಂಡಿಯ ಇಂಗ್ಲಿಷ್ ಪದ ಕೆ-ಎನ್ ಎಂದು ಶುರುವಾಗುತ್ತದೆ, ಕ್ಲಾಸಿನಲ್ಲಿ ಅದನ್ನು 'ನೀ' ಅನ್ನಬೇಕಾದಲ್ಲಿ 'ಕ್ನೀ' ಎಂದು ಓದಿದೆ, ಎಲ್ಲರೂ ನಕ್ಕರು ಅಂದೆಯಲ್ಲ? ಐದನೇ ಕ್ಲಾಸಿನಲ್ಲಿ ನಾನೂ ಚಾಕುವಿನ ಇಂಗ್ಲಿಷ್ ಪದವನ್ನು 'ಕ್ನೈಫ್' ಎಂದು ಓದಿದ್ದೆ. ಆಮೇಲೆ ಆ ವರ್ಷ ಪೂರ್ತಿ ಗಟ್ಟಿಯಾಗಿ ಓದಲು ಬಾಯಿಯೇ ಬರಲಿಲ್ಲ. ನಿನಗೆ ಹಾಗಾಗಬಾರದು, ಅದಕ್ಕೇ ಈ ಪತ್ರ.

ನೀನು ಓದಿದ್ದು ಹಳೆಯ ಇಂಗ್ಲಿಷ್ ಮಗಳೇ. ಆರುನೂರು ವರ್ಷದ ಹಿಂದೆ ಇಂಗ್ಲೆಂಡಿನವರೂ ಆ 'ಕೆ'ಯನ್ನು ಬಾಯಿಬಿಟ್ಟು ಹೇಳುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಅಲ್ಲಿ ಅಚ್ಚುಕೂಟ ತೆರೆದ. ಪುಸ್ತಕಗಳು ಬರುತ್ತಾ ಬರುತ್ತಾ ಕಾಗುಣಿತ ಗಟ್ಟಿಯಾಯಿತು. ನಾಲಿಗೆ ಮಾತ್ರ ನಿಲ್ಲಲಿಲ್ಲ, ನಿಧಾನಕ್ಕೆ 'ಕೆ'ಯನ್ನು ಬಿಟ್ಟಿತು. ಕಾಗದದ ಮೇಲೆ ಅದು ಉಳಿದುಕೊಂಡಿತು. ಜರ್ಮನಿಯಲ್ಲಿ ಮಂಡಿಗೆ ಇವತ್ತಿಗೂ 'ಕ್ನೀ' ಅಂತಲೇ ಅನ್ನುತ್ತಾರೆ. ಥೇಟ್ ನೀನು ಓದಿದ ಹಾಗೆ!

ನಾವೂ ಹೀಗೇ ಅಲ್ವಾ? 'ಜ್ಞಾನ' ಅಂತ ಬರೆಯುತ್ತೇವೆ, 'ಗ್ನಾನ' ಅನ್ನುತ್ತೇವೆ. ಅಜ್ಜಿ 'ಗ್ಯಾನ' ಅನ್ನುತ್ತಾಳೆ. ಅಲ್ಲಿ ಬರೆದಿರುವ 'ಜ' ನಮ್ಮ ಬಾಯಲ್ಲಿ ಕೇಳುವುದಿಲ್ಲ. ಇನ್ನೊಂದು ವಿಷಯ ಕೇಳು. 'ತಿಳಿ' ಎಂಬುದಕ್ಕೆ ಇಂಗ್ಲಿಷಿನವರು ಹೇಳುವ 'ನೋ' ಕೂಡ ಕೆ-ಎನ್ ಪದವೇ. ಅದೂ ಸಂಸ್ಕೃತದಿಂದ ನಮಗೆ ಬಂದ ಈ 'ಜ್ಞಾನ'ವೂ ಒಂದೇ ಹಳೆಯ ಬೇರಿನಿಂದ ಹುಟ್ಟಿದವು. ನಿನ್ನ 'ಕ್ನೀ'ಗೂ ಸಂಸ್ಕೃತದ 'ಜಾನು'ವಿಗೂ ಅದೇ ನಂಟು. ರಾಮ ಆಜಾನುಬಾಹು ಎಂದು ಅಜ್ಜಿ ಕಥೆಯಲ್ಲಿ ಹೇಳುತ್ತಾಳಲ್ಲ, ಮಂಡಿ ಮುಟ್ಟುವಷ್ಟು ಉದ್ದದ ತೋಳಿನವನು ಅಂತ, ಅದೇ ಜಾನು.

ಕೆ-ಎನ್ ಪದಗಳಲ್ಲಿ ಉಬ್ಬಿಕೊಂಡಿರುವ ವಸ್ತುಗಳು ಜಾಸ್ತಿ. 'ನಕಲ್' ಅಂದರೆ ಬೆರಳಿನ ಗೆಣ್ಣು, 'ನಾಬ್' ಅಂದರೆ ಬಾಗಿಲಿನ ಗುಂಡು ಹಿಡಿ, 'ನೋಲ್' ಅಂದರೆ ಸಣ್ಣ ದಿಬ್ಬ. ಅಮ್ಮ ಚಪಾತಿ ಹಿಟ್ಟು ನಾದುವುದು 'ನೀಡ್', ಅಲ್ಲೂ ಕೆ ಇದೆ. 'ನೈಟ್' ಅಂದರೆ ಕುದುರೆ ಏರಿದ ವೀರ ಅಂತ ನಿನ್ನ ಪಾಠದಲ್ಲಿದೆ. ಹಿಂದೆ ಅದಕ್ಕೆ ಬರೀ ಹುಡುಗ, ಆಳು ಎಂಬ ಅರ್ಥವಿತ್ತು.

ನನಗೆ ಹತ್ತಿರದ್ದು 'ನಾಟ್', ಗಂಟು. ಇಲ್ಲಿ ಮಂಗಳೂರಿನ ಧಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ದಿನವಿಡೀ ಕೈಯಲ್ಲಿ ಹಗ್ಗವೇ. ಗಾಳಿಯ ವೇಗ ಇಷ್ಟು ನಾಟ್, ಬೋಟಿನ ವೇಗ ಇಷ್ಟು ನಾಟ್ ಅನ್ನುವುದೂ ಈ ಗಂಟೇ. ಹಿಂದೆ ಹಡಗಿನವರು ಉದ್ದ ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕಿ, ತುದಿಗೆ ಹಲಗೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಹಲಗೆ ನೀರಿನಲ್ಲಿ ನಿಲ್ಲುತ್ತಿತ್ತು, ಹಡಗು ಮುಂದೆ ಹೋಗುತ್ತಿತ್ತು, ಹಗ್ಗ ಕೈಯಿಂದ ಜಾರುತ್ತಿತ್ತು. ಮರಳಿನ ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಜಾರಿದವೋ ಅಷ್ಟು ವೇಗ. ಈಗ ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್.

ನಾಳೆ ಕ್ಲಾಸಿನಲ್ಲಿ 'ನೀ' ಅಂತಲೇ ಓದು, ಈಗಿನ ರೂಢಿ ಅದು. ಆದರೆ ಗಟ್ಟಿಯಾಗಿ ಓದು. ಶನಿವಾರ ಬರುವಾಗ ಎರಡು ಮಾರು ಹಗ್ಗ ತರುತ್ತೇನೆ. ಬೋಟು ಕಟ್ಟುವ ಗಂಟು ಹೇಳಿಕೊಡುತ್ತೇನೆ.

ನಿನ್ನ
ಅಪ್ಪ